ಪ್ರೆಸ್ಸಿನ ಡಬ್ಬಿಯಲ್ಲಿದ್ದ ಮುಖ

ಮೈದಾಹಿಟ್ಟಿನ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸದಿದ್ದರೆ ಪೋಸ್ಟರನ್ನು ಆಡುಗಳು ತಿಂದುಬಿಡುತ್ತವೆ. ಸಿನಿಮಾ ಪ್ರಚಾರದ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ ಇದು. ರಾಯಬಾಗದ ಬಸ್‌ಸ್ಟ್ಯಾಂಡ್ ಗೋಡೆಗೆ ಬೆಳಿಗ್ಗೆ ಹಚ್ಚಿದ ಪೋಸ್ಟರುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ನಾಯಕನ ಹಣೆ, ಕೂದಲು ಇಷ್ಟೇ ಉಳಿದಿದ್ದವು. ಆಡಿನ ಬಾಯಿ ಎಟುಕುವಷ್ಟು ಎತ್ತರದವರೆಗೆ ಎಲ್ಲ ಖಲಾಸ್. ಮೈಲುತುತ್ತವನ್ನು ಅಥಣಿ ಕಡೆಯ ದ್ರಾಕ್ಷಿ ತೋಟದವರು ಬಳ್ಳಿಗೆ ಹೊಡೆಯಲು ತಂದಿಟ್ಟಿರುತ್ತಿದ್ದರು. ಕೇಳಿದರೆ ಒಂದು ಮುಷ್ಟಿ ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರು, ನಾನು ಅವರ ಮನೆಯವರಿಗೆ ಪಾಸು ಬರೆದು ಕೊಡುತ್ತಿದ್ದೆ.

ಈಗ ಈ ಕೆಲಸಕ್ಕೆ ಬರುವ ಹುಡುಗರು ಕುರ್ಚಿ ಬಿಟ್ಟು ಏಳುವುದಿಲ್ಲ. ತಪ್ಪಲ್ಲ, ಕಾಲ ಬದಲಾಗಿದೆ. ಆದರೆ ಅವರು ನನ್ನ ಹತ್ತಿರ ಬಂದು, ಕಡಿಮೆ ಖರ್ಚಿನಲ್ಲಿ ಹೇಗೆ ಹವಾ ಎಬ್ಬಿಸುತ್ತಿದ್ದಿರಿ, ಏನೇನು ಐಡಿಯಾ ಮಾಡಿದಿರಿ ಎಂದು ಕಣ್ಣರಳಿಸಿ ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಅವರ ಮೇಲಲ್ಲ. ನನ್ನ ಎಲ್ಲಕ್ಕಿಂತ ದೊಡ್ಡ ಐಡಿಯಾ ಯಾವುದೆಂದು ನನಗೆ ಗೊತ್ತು, ಅದನ್ನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮ ಸಾವಕಾರರಿಗೆ ಚಿಕ್ಕೋಡಿಯಲ್ಲಿ ಒಂದು ಟಾಕೀಜು ಇತ್ತು. ನಿಪ್ಪಾಣಿ, ರಾಯಬಾಗ, ಅಥಣಿಯ ಟಾಕೀಜುಗಳಿಗೂ ಅವರೇ ಪಿಕ್ಚರ್ ತಂದು ಹಂಚುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ನನ್ನ ಮಗಳು ಹುಟ್ಟಿದಾಗ ಅವರ ಮನೆಯಿಂದ ಹದಿನೈದು ದಿನ ಹಾಲು ಬಂತು. ಆದರೆ ಪ್ರಚಾರಕ್ಕೆ ಖರ್ಚು ಎಂದೊಡನೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. "ಬಾಯಿ ಐತೆಲ್ಲೋ ನಿನಗ, ಒದರು" ಎನ್ನುತ್ತಿದ್ದರು. ಒಂದು ಹಳೆಯ ಜೀಪು, ಅದರ ಮೇಲೆ ಧ್ವನಿವರ್ಧಕದ ಎರಡು ಕರ್ಣೆ, ಒಂದು ಮೈಕು, ಡ್ರೈವರ್ ಬಾಳು, ನಾನು. ಇಷ್ಟೇ ನಮ್ಮ ಪ್ರಚಾರ ಖಾತೆ. ಕನ್ನಡದಲ್ಲಿ ಒಂದು ಸಲ, ಮರಾಠಿಯಲ್ಲಿ ಒಂದು ಸಲ ಒದರಬೇಕು. ಯಾವ ಓಣಿಯಲ್ಲಿ ಯಾವುದನ್ನು ಮೊದಲು ಹೇಳಬೇಕೆಂಬುದು ತಿಳಿದಿರಬೇಕು. ನಿಪ್ಪಾಣಿಯಲ್ಲಿ ಒಮ್ಮೆ ಲೆಕ್ಕ ತಪ್ಪಿ, ಗಡಿ ಗಲಾಟೆಯ ದಿನಗಳಲ್ಲಿ, ಹೇಳಬಾರದ ಓಣಿಯಲ್ಲಿ ಕನ್ನಡ ಮೊದಲು ಹೇಳಿ ಜೀಪಿನ ಗಾಜು ಒಡೆಸಿಕೊಂಡು ಬಂದೆ. ಸಾವಕಾರರು ಗಾಜು ನೋಡಿದರು, ನನ್ನ ಹಣೆಯ ಗಾಯ ನೋಡಲಿಲ್ಲ.

ಕರ್ಣೆಯಲ್ಲಿ ಹೇಳಿದ್ದನ್ನು ಜನ ನಂಬುತ್ತಾರೆ ಎಂಬುದು ನನಗೆ ಗೊತ್ತಾದದ್ದು ಕೃಷ್ಣೆಯ ದಂಡೆಯ ಜುಗೂಳದಲ್ಲಿ. ಆನೆಯ ಪಿಕ್ಚರ್ ಒಂದು ಬಂದಿತ್ತು. ನಾನು ಹುರುಪಿನಲ್ಲಿ, ಶುಕ್ರವಾರ ಆನಿ ಬರತೈತಿ, ಮಕ್ಕಳು ಮರಿ ಕರಕೊಂಡು ಬರ್ರಿ ಎಂದು ಸಾರಿದೆ. ಪಿಕ್ಚರಿನಲ್ಲಿ ಎಂಬ ಮಾತು ಬಿಟ್ಟೆ. ಬಿಟ್ಟದ್ದು ಬೇಕೆಂದೇ. ಶುಕ್ರವಾರ ಜುಗೂಳದಿಂದ ಟ್ರ್ಯಾಕ್ಟರ್ ತುಂಬ ಜನ ಬಂದರು, ಕಬ್ಬು, ತೆಂಗಿನಕಾಯಿ ಹಿಡಿದುಕೊಂಡು. ಜಡ್ಡಿನ ಕೂಸೊಂದನ್ನು ಆನೆಯ ಹೊಟ್ಟೆಯ ಕೆಳಗೆ ದಾಟಿಸಬೇಕೆಂದು ಅದರ ಅಜ್ಜಿ ಎತ್ತಿಕೊಂಡು ಬಂದಿದ್ದಳು. ಆನೆ ಪರದೆಯ ಮೇಲಷ್ಟೇ ಇದೆ ಎಂದು ತಿಳಿದಾಗ ಆ ಮುದುಕಿ ನನ್ನ ಕಡೆ ನೋಡಿದ ರೀತಿ ನೆನಪಿದೆ. ಬೈಯಲಿಲ್ಲ. ಕೂಸಿಗೆ ಸೆರಗು ಹೊದಿಸಿ ಟ್ರ್ಯಾಕ್ಟರಿನ ನೆರಳಿನಲ್ಲಿ ಕೂತಳು. ಟಾಕೀಜು ಮಾತ್ರ ತುಂಬಿತ್ತು. ಸಾವಕಾರರು ನನ್ನ ಬೆನ್ನು ಚಪ್ಪರಿಸಿದರು. ಆ ಚಪ್ಪರಿಕೆ ನನಗೆ ಮುದುಕಿಯ ನೋಟಕ್ಕಿಂತ ಹೆಚ್ಚು ದಿನ ನೆನಪಿತ್ತು, ಅದೇ ನನ್ನ ದೋಷ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ಪಿಕ್ಚರ್ ಬಂತು. ಹೆಸರು ಬೇಡ, ಯಾರಿಗೂ ನೆನಪಿಲ್ಲದ ಪಿಕ್ಚರ್. ಗೊತ್ತಿರುವ ಒಂದು ಮುಖವೂ ಅದರಲ್ಲಿರಲಿಲ್ಲ. ಒಬ್ಬ ಹೆಂಗಸು ಕಾಣೆಯಾಗುತ್ತಾಳೆ, ಕಡೆಗೆ ಸಿಗುತ್ತಾಳೆ, ಅಷ್ಟೇ ಕತೆ. ನಾಲ್ಕು ಊರಿಗೆ ಕೂಡಿ ಪಿಕ್ಚರ್ ಮಾಡಿದವರು ಕಳಿಸಿದ್ದು ಆರೇ ಪೋಸ್ಟರು. ಅಷ್ಟು ಹೊತ್ತಿಗೆ ಊರೂರಿಗೆ ವಿಡಿಯೋ ಬಂದು ಕೂತಿತ್ತು, ಟಾಕೀಜಿನ ಕುರ್ಚಿಗಳು ಖಾಲಿ ಬೀಳಲು ಶುರುವಾಗಿತ್ತು. ಈ ಪಿಕ್ಚರ್ ಓಡದಿದ್ದರೆ ಜೀಪು ಮಾರುತ್ತೇನೆ ಎಂದು ಸಾವಕಾರರು ಹೇಳಿದ್ದರು. ಜೀಪು ಹೋದರೆ ನಾನೂ ಬಾಳುವೂ ಮನೆಗೆ.

ಆಗ ನನಗೆ ಹೊಳೆದದ್ದು ಹೆಸರಿಲ್ಲದ ಪೋಸ್ಟರು. ಪಿಕ್ಚರಿನ ಹೆಸರು ಹಾಕಬಾರದು, ಟಾಕೀಜಿನ ಹೆಸರೂ ಬೇಡ. ಒಬ್ಬ ಹೆಂಗಸಿನ ಮುಖ, ಕೆಳಗೆ "ಇವಳು ಎಲ್ಲಿ ಅಡಗಿದ್ದಾಳೆ? ಶುಕ್ರವಾರ ಬಯಲಾಗುತ್ತದೆ." ಅದನ್ನೇ ಮರಾಠಿಯಲ್ಲೂ. ವಾರವೆಲ್ಲ ಜನ ತಲೆ ಕೆಡಿಸಿಕೊಳ್ಳಬೇಕು. ಶುಕ್ರವಾರ ಬೆಳಿಗ್ಗೆ ಆ ಅಕ್ಷರಗಳ ಮೇಲೆ ಪಿಕ್ಚರಿನ ಹೆಸರಿನ ಹಳದಿ ಪಟ್ಟಿ ಹಚ್ಚಬೇಕು. ಸಾವಕಾರರು ಮೊದಲ ಸಲ ನನ್ನ ಮಾತು ಮುಗಿಯುವವರೆಗೆ ಕೇಳಿದರು. ಒಂದೇ ತೊಡಕು, ಮುಖದ ಬ್ಲಾಕು. ಬ್ಲಾಕು ಎಂದರೆ ಫೋಟೊವನ್ನು ಸತುವಿನ ತಗಡಿನಲ್ಲಿ ಮೂಡಿಸಿ ಮರದ ತುಂಡಿಗೆ ಕೂರಿಸಿದ ಅಚ್ಚು. ಅದನ್ನು ಕೊಲ್ಲಾಪುರದಲ್ಲಿ ಮಾಡಿಸಬೇಕಿತ್ತು, ಖರ್ಚು ಬೇರೆ, ಎಂಟು ದಿನ ಬೇರೆ. ಸಾವಕಾರರಿಗೆ ಮತ್ತೆ ಕಿವಿ ಕೇಳಿಸಲಿಲ್ಲ.

ಚಿಕ್ಕೋಡಿಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ದಸ್ತಗೀರ ಚಾಚಾ ನನ್ನ ಹಳೆಯ ಸ್ನೇಹಿತ. ಯಾರೂ ಒಯ್ಯದೆ ಬಿಟ್ಟುಹೋದ ಬ್ಲಾಕುಗಳನ್ನು ಅವನು ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಹಾಕಿಡುತ್ತಿದ್ದ. ಚುನಾವಣೆಗೆ ನಿಂತು ಸೋತವರು, ಮದುವೆಯ ಗಣಪತಿ, ಸತ್ತವರು, ಬೀಜದ ಅಂಗಡಿಯ ಎತ್ತು. ಶನಿವಾರ ಕೂತು ಡಬ್ಬಿ ಕೆದಕಿದೆ. ತಳದಲ್ಲಿ ಒಬ್ಬ ಹುಡುಗಿಯ ಮುಖ ಸಿಕ್ಕಿತು. ಎರಡು ಜಡೆ, ದೊಡ್ಡ ಕಣ್ಣು, ಎಡಗಿವಿಯ ಹತ್ತಿರ ತಗಡಿನ ಮೇಲೆ ಒಂದು ಗೀರು. ಯಾರದೆಂದು ಕೇಳಿದೆ. ಚಾಚಾ ಚಷ್ಮಾ ಏರಿಸಿ ನೋಡಿ, ಯಾರದ್ದೋ ಹಳೇದು, ನಾಲ್ಕೈದು ವರ್ಷ ಆತು, ತಗೋ ಎಂದ. ನಾನು ಎರಡನೇ ಸಲ ಕೇಳಲಿಲ್ಲ. ಒಂದು ಹುಡುಗಿಯ ಬ್ಲಾಕನ್ನು ಯಾರು, ಯಾಕೆ ಮಾಡಿಸಿದ್ದಿರಬಹುದು ಎಂದು ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಹುಡುಗರೇ, ಈ ಕೆಲಸದಲ್ಲಿ ಆ ಒಂದು ನಿಮಿಷ ಯಾವಾಗಲೂ ಇರುತ್ತದೆ. ನಾನು ಅದನ್ನು ಚಹಾ ಕುಡಿಯಲು ಬಳಸಿದೆ.

ಭಾನುವಾರ ಅಥಣಿ, ಸೋಮವಾರ ಕಾಗವಾಡ, ಐನಾಪುರ. ಗುಲಾಬಿ ಕಾಗದದ ಮೇಲೆ ಆ ಮುಖ ಎಲ್ಲೆಡೆ ಹತ್ತಿತು. ನಾನು ಎಂದೂ ಅಂಥ ಹವಾ ನೋಡಿರಲಿಲ್ಲ. ಚಹಾದ ಅಂಗಡಿಗಳಲ್ಲಿ ಅದೇ ಮಾತು. ಬ್ಯಾಂಕಿನ ಕಳ್ಳಿ ಅಂತ ಒಬ್ಬ, ಪೊಲೀಸರು ಹಚ್ಚಿದ್ದು ಅಂತ ಇನ್ನೊಬ್ಬ. ನಾನು ಬೆಂಚಿನ ಮೇಲೆ ಕೂತು ಒಳಗೊಳಗೇ ಹಿಗ್ಗಿದೆ.

ಮಂಗಳವಾರ ಮಧ್ಯಾಹ್ನ ಟಾಕೀಜಿನ ಮುಂದೆ ಜೀಪಿನಲ್ಲಿ ನಿಪ್ಪಾಣಿಗೆ ಒಯ್ಯುವ ಪೋಸ್ಟರಿನ ಕಟ್ಟು ಇಡುತ್ತಿದ್ದೆ. ಒಬ್ಬ ಹೆಣ್ಣುಮಗಳು ಬಂದಳು. ಐವತ್ತರ ಆಸುಪಾಸು, ಇಳಕಲ್ ಸೀರೆ, ಬರಿಗಾಲು. ಹೆಸರು ಲಗಮವ್ವ, ಅಥಣಿ ಕಡೆಯ ಅನಂತಪುರದವಳು. ಎರಡು ಎಮ್ಮೆ, ನಾಲ್ಕು ಕುರಿ ಕಟ್ಟಿಕೊಂಡು ಬದುಕುವವಳು. ಐನಾಪುರದಲ್ಲಿ ತಂಗಿಯ ಮನೆಗೆ ಬಂದಾಗ ಗೋಡೆಯ ಮೇಲೆ ಪೋಸ್ಟರು ನೋಡಿದಳಂತೆ. ಕೆಳಗೆ ಸಣ್ಣಕ್ಷರದಲ್ಲಿದ್ದ ಪ್ರೆಸ್ಸಿನ ಹೆಸರನ್ನು ಯಾರೋ ಓದಿ ಹೇಳಿದ್ದಾರೆ. ಪ್ರೆಸ್ಸಿಗೆ ಹೋದರೆ ಚಾಚಾ ನನ್ನ ಹತ್ತಿರ ಕಳಿಸಿದ್ದಾನೆ.

ಅವಳು ಎಲೆಅಡಿಕೆಯ ಸಂಚಿಯಿಂದ ಮಡಿಸಿ ಮಡಿಸಿ ಹರಿದ ಒಂದು ಕೈಚೀಟಿ ತೆಗೆದಳು. ಅದೇ ಎರಡು ಜಡೆ, ಅದೇ ಕಣ್ಣು, ಎಡಗಿವಿಯ ಹತ್ತಿರ ಅದೇ ಗೀರು. ಚೀಟಿಯಲ್ಲಿ ಹೀಗಿತ್ತು: "ಮಗಳು ಸುಶೀಲಾ, ಎಲ್ಲಿದ್ದರೂ ಮನೆಗೆ ಬಾ. ಯಾರೂ ಏನೂ ಅನ್ನುವುದಿಲ್ಲ."

ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಸುಶೀಲಾಳನ್ನು ಅವಳ ಸೋದರಮಾವನಿಗೆ ಕೊಡಬೇಕೆಂದು ಅಪ್ಪ ಹಟ ಹಿಡಿದಿದ್ದ. ಮಾವ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವ. ನಿಶ್ಚಯದ ಹಿಂದಿನ ದಿನ ಹುಡುಗಿ ಹೋಗಿಬಿಟ್ಟಳು. ಅಪ್ಪ ಕಡೆಗೆ ಸೋತು ಈ ಚೀಟಿ ಮಾಡಿಸಿ ಹಂಚಿದ, ಮರುವರ್ಷ ತೀರಿಕೊಂಡ. ಮಾವನಿಗೆ ಬೇರೆ ಕಡೆ ಮದುವೆಯಾಗಿ ಮಕ್ಕಳೂ ಆದವು. ಈಗ ಹುಡುಗಿ ಬಂದರೆ ತಡೆಯುವವರು ಯಾರೂ ಇಲ್ಲ, ಆದರೆ ಅದನ್ನು ಆ ಹುಡುಗಿಗೆ ತಿಳಿಸುವುದು ಹೇಗೆಂದು ಲಗಮವ್ವನಿಗೆ ಗೊತ್ತಿರಲಿಲ್ಲ. ಹೀಗಿರುವಾಗ ಗೋಡೆಗಳ ಮೇಲೆ ಮಗಳ ಮುಖ ಬಂದಿದೆ. ಯಾರೋ ಪುಣ್ಯಾತ್ಮರು ಮತ್ತೆ ಹುಡುಕಿಸುತ್ತಿದ್ದಾರೆ ಎಂದು ಅವಳು ತಿಳಿದಿದ್ದಳು.

ಜೀಪಿನಲ್ಲಿದ್ದ ಕಟ್ಟಿನ ಮೇಲೆ ಕೈಯಿಟ್ಟು ಕೇಳಿದಳು: "ಯಪ್ಪಾ, ನನಗ ಓದಾಕ ಬರೂದಿಲ್ಲ. ಇದರಾಗೂ 'ಬಾ' ಅಂತ ಬರದೈತೇನು?"

ನಾನು ಸಾವಕಾರರ ಕಡೆ ನೋಡಿದೆ. ಅವರು ಟಿಕೆಟ್ ಖೋಲಿಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ಒಳಗೆ ಕರೆದು, ಶುಕ್ರವಾರದ ತನಕ ಬಾಯಿ ಬಿಡಬ್ಯಾಡ, ಆಮೇಲೆ ಆಕಿಗೆ ತಿಳಿಸಿ ಹೇಳಿದರಾತು, ಈಗ ಗುಲ್ಲಾದರೆ ಎಲ್ಲ ಹಾಳಾಕ್ಕೈತಿ ಎಂದರು. ಅವರ ಮೇಲೆ ಹಾಕಿ ನಾನು ಕೈ ತೊಳೆದುಕೊಳ್ಳಬಹುದು. ಆದರೆ ಅವರು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ನನ್ನ ಹವಾ ಹೋಗುವುದು ನನಗೇ ಬೇಕಿರಲಿಲ್ಲ.

ಹೊರಗೆ ಬಂದು ಹೇಳಿದೆ: "ಹೌದವ್ವಾ. 'ಬಾ' ಅಂತ ಬರದೈತಿ. ಶುಕ್ರವಾರ ಎಲ್ಲಾ ಗೊತ್ತಾಕ್ಕೈತಿ, ಅವತ್ತ ಬಾ."

ಅವಳು ಪೋಸ್ಟರಿನ ಕಟ್ಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಬುಧವಾರ ಆ ಕಟ್ಟನ್ನು ನಿಪ್ಪಾಣಿಗೆ ಒಯ್ದು ಹಚ್ಚಿದೆ. ಸಂಕೇಶ್ವರದ ರಸ್ತೆ ಸೇರುವ ಮೊದಲು ಬಾಳು ಒಮ್ಮೆ ಜೀಪು ನಿಧಾನ ಮಾಡಿ, "ತಿರುಗಿಸಲೇನು?" ಎಂದ. ನಡಿ ಎಂದೆ. ಬಸ್‌ಸ್ಟ್ಯಾಂಡು, ಸಂತೆ, ತಂಬಾಕಿನ ವಖಾರಿಗಳ ಗೋಡೆಗಳು. ಆ ವಖಾರಿಗಳಲ್ಲಿ ತಂಬಾಕು ಆರಿಸುವ ಹೆಣ್ಣುಮಕ್ಕಳು ಬೆಳಿಗ್ಗೆ ಗುಂಪುಗುಂಪಾಗಿ ಬರುತ್ತಾರೆ, ಹೆಂಗಸರ ಆಟಕ್ಕೆ ಅವರೇ ಗಿರಾಕಿ. ಅದಕ್ಕೇ ಅಲ್ಲಿ ಹೆಚ್ಚು ಹಚ್ಚಿದೆ. ಅಂಟಿಗೆ ಮೈಲುತುತ್ತ ಮರೆಯದೆ ಹಾಕಿದ್ದೆ.

ಶುಕ್ರವಾರ ಬೆಳಿಗ್ಗೆ ಹಳದಿ ಪಟ್ಟಿಗಳನ್ನು ಹಚ್ಚಲು ಮತ್ತೆ ನಿಪ್ಪಾಣಿಗೆ ಹೋದೆ. ವಖಾರಿಯೊಂದರ ಗೋಡೆಯ ಹತ್ತಿರ ಕೆಲಸ ಮಾಡುತ್ತಿದ್ದಾಗ ಶಾಂತಾಬಾಯಿ ಎಂಬ ಹಿರಿಯ ಕೆಲಸಗಾರ್ತಿ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಕೇಳಿದಳು: "ಆ ಪೋರಿ ನಿಮಗ ಏನ ಮಾಡಿದ್ದಳ್ರಿ?"

ಯಾವ ಪೋರಿ ಎಂದೆ, ಗೊತ್ತಿದ್ದೂ.

ಪೋಸ್ಟರಿನ ಹುಡುಗಿ ಮೂರು ವರ್ಷದಿಂದ ಅದೇ ವಖಾರಿಯಲ್ಲಿ ಅವಳ ಪಕ್ಕದಲ್ಲೇ ಕೂತು ತಂಬಾಕು ಆರಿಸುತ್ತಿದ್ದಳು. ಸುನಂದಾ ಎಂದು ಹೆಸರು ಹೇಳಿಕೊಂಡಿದ್ದಳು. ಶಾಂತಾಬಾಯಿಯ ಮನೆಯಲ್ಲೇ ಇದ್ದಳು. ಹಬ್ಬಕ್ಕೆ ಊರಿಗೆ ಹೋಗು ಎಂದರೆ ಅಳುತ್ತಿದ್ದಳು, ಈ ಸಲ ಪಂಚಮಿಗೆ ಅವ್ವನಿಗೆ ಒಂದು ಕಾಗದ ಬರೆದು ನೋಡುತ್ತೇನೆ ಎಂದಿದ್ದಳಂತೆ. ಗುರುವಾರ ಬೆಳಿಗ್ಗೆ ಕೆಲಸಕ್ಕೆ ಬರುವಾಗ ಗೋಡೆಯ ಮುಂದೆ ನಿಂತಳು. ಎರಡು ಸಲ ಓದಿದಳು. ಬುತ್ತಿಯ ಡಬ್ಬಿಯನ್ನು ಶಾಂತಾಬಾಯಿಯ ಕೈಗೆ ಕೊಟ್ಟು, ಈಗ ಬಂದೆ ಎಂದು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ತಿರುಗಿ ಬರಲಿಲ್ಲ. ಕೊಲ್ಲಾಪುರವೋ, ಪುಣೆಯೋ, ಮುಂಬೈಯೋ, ಯಾವ ಬಸ್ಸು ಹತ್ತಿದಳೆಂದು ನೋಡಿದವರಿಲ್ಲ.

ನಾನು ಕೈಯಲ್ಲಿದ್ದ ಪಟ್ಟಿಯನ್ನು ಹಚ್ಚಿದೆ. ಯಾಕೆ ಹಚ್ಚಿದೆನೋ ಗೊತ್ತಿಲ್ಲ. ಕೈ ರೂಢಿಯಿಂದ ಮಾಡಿತು.

ಚಿಕ್ಕೋಡಿಗೆ ಬಂದಾಗ ಟಾಕೀಜಿನ ಮುಂದೆ ಜನವೋ ಜನ. ಮೂರು ಗಂಟೆಯ ಆಟ ತುಂಬಿ ಬಾಗಿಲು ಹಾಕಿದ್ದರು. ಲಗಮವ್ವ ಒಳಗಿದ್ದಳು, ಸಾವಕಾರರೇ ಪಾಸು ಕೊಟ್ಟು ಕೂರಿಸಿದ್ದರು. ಬಾಗಿಲ ಸಂದಿನಿಂದ ಇಣುಕಿದೆ. ಹೆಂಗಸರ ಕಡೆ ಮೊದಲ ಸಾಲಿನಲ್ಲಿ ನೆಟ್ಟಗೆ ಕೂತು ಪರದೆಯ ಮೇಲೆ ಬರುವ ಒಂದೊಂದು ಹೆಣ್ಣಿನ ಮುಖವನ್ನೂ ನೋಡುತ್ತಿದ್ದಳು. ಗುಂಪಿನ ದೃಶ್ಯ ಬಂದಾಗ ಮುಂದಕ್ಕೆ ಬಾಗುತ್ತಿದ್ದಳು. ಜೀವನದಲ್ಲಿ ಅದು ಅವಳ ಮೊದಲ ಪಿಕ್ಚರ್ ಅಂತೆ. ಆಟ ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ಕೂತಿದ್ದು ಹೊರಗೆ ಬಂದಳು. "ನಮ್ಮ ಹುಡುಗಿ ಬರಲೇ ಇಲ್ಲಲ್ಲ ಯಪ್ಪಾ" ಎಂದಳು.

ಆಗಲಾದರೂ ಎಲ್ಲ ಹೇಳಬೇಕಿತ್ತು. ಅರ್ಧ ಹೇಳಿದೆ. ಅದು ಪಿಕ್ಚರಿನ ಪೋಸ್ಟರು, ನಿಮ್ಮ ಮಗಳ ಬ್ಲಾಕು ತಪ್ಪಿ ಬಂದಿದೆ, ಆದರೆ ಮಗಳು ನಿಪ್ಪಾಣಿಯಲ್ಲಿದ್ದಳು ಎಂದೆ. ಮಿಕ್ಕದ್ದನ್ನು, ಅದರಲ್ಲಿ 'ಬಾ' ಎಂದು ಇರಲೇ ಇಲ್ಲ ಎಂಬುದನ್ನು, ಕೇಳುವ ಮೊದಲೇ ಅವಳು ಜೀಪು ಹತ್ತಿ ಕೂತಳು. ಬಾಳು ನಿಪ್ಪಾಣಿಯವರೆಗೆ ಎಲ್ಲೂ ನಿಲ್ಲಿಸಲಿಲ್ಲ.

ಶಾಂತಾಬಾಯಿ ಬುತ್ತಿಯ ಡಬ್ಬಿ ತಂದು ಲಗಮವ್ವನ ಕೈಗೆ ಕೊಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. ಗೋಡೆ ನೋಡಿದಳು, ಎರಡು ಸಲ ಓದಿದಳು, ಹೋದಳು. ಏನು ಓದಿದಳೆಂಬುದು ಮಾತ್ರ ಅವಳ ಮಾತಿನಲ್ಲಿ ಬರಲಿಲ್ಲ. ಲಗಮವ್ವ ಆ ಗೋಡೆಯ ಹತ್ತಿರ ಹೋಗಿ ಪೋಸ್ಟರಿನ ಮುಖವನ್ನು ಮುಟ್ಟಿದಳು. ಅಕ್ಷರಗಳ ಮೇಲೆ ನನ್ನ ಹಳದಿ ಪಟ್ಟಿ ಕೂತಿತ್ತು, ಅಂಟು ಒಣಗಿ ಗಟ್ಟಿಯಾಗಿತ್ತು. ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು:

"'ಬಾ' ಅಂತ ಬರದಿದ್ದನ್ನ ಎರಡ ಸಲ ಓದೀನೂ ಹೋದಳಂದ್ರ, ಆಕೀಗಿ ನಾವು ಬ್ಯಾಡಾಗೇವಿ. ಇನ್ನ ಹುಡುಕೂದ ಬ್ಯಾಡ."

ನಾನು ಅಲ್ಲೇ ಇದ್ದೆ, ಎರಡು ಮಾರು ದೂರದಲ್ಲಿ. ಬಾಳು ನನ್ನನ್ನೇ ನೋಡುತ್ತಿದ್ದ. ನಾನು ನೆಲ ನೋಡಿದೆ. ಅವಳು ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಥಣಿ ಬಸ್ಸು ಹತ್ತಿದಳು.

ಪಿಕ್ಚರ್ ಮೂರು ವಾರ ಓಡಿತು. ಜೀಪು ಉಳಿಯಿತು. ಹೊಸ ಐಡಿಯಾ ಏನಾದರೂ ಇದ್ದರೆ ಹೇಳು ಎಂದು ಅಥಣಿಯ ಟಾಕೀಜಿನವರು ನನ್ನನ್ನು ಕರೆಸಿ ಕೇಳಿದರು. ಬಾಳು ಮಾತ್ರ ದೀಪಾವಳಿಗೆ ಮೊದಲೇ ಕೆಲಸ ಬಿಟ್ಟು ಸಕ್ಕರೆ ಕಾರ್ಖಾನೆಯ ಟ್ರ್ಯಾಕ್ಟರಿಗೆ ಸೇರಿಕೊಂಡ. ಯಾಕೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆ ವರ್ಷ ಮಳೆಗಾಲವೆಲ್ಲ ನನಗೆ ಊಟ ಸೇರುತ್ತಿರಲಿಲ್ಲ. ನಿಜ ಹೇಳಿದರೆ ಅವಳಿಗೆ ಇನ್ನಷ್ಟು ನೋವು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಅಂಜುಬುರುಕನ ಮಾತು. ಅವಳಿಗಿದ್ದದ್ದು ಒಂದೇ ಆಸೆ, ಅದನ್ನು ಕಿತ್ತದ್ದು ನನ್ನ ಸುಳ್ಳು. ಮಗಳು ಅವ್ವನನ್ನು ಬೇಡವೆಂದಿರಲಿಲ್ಲ, ಹಿಡಿಯಲು ಬಂದಿದ್ದಾರೆಂದು ಹೆದರಿ ಓಡಿದ್ದಳು. ಚಳಿ ಬೀಳುವ ಹೊತ್ತಿಗೆ ಅನಂತಪುರಕ್ಕೆ ಹೋದೆ.

ಲಗಮವ್ವ ಎಮ್ಮೆಗೆ ಜೋಳದ ಕಣಿಕೆ ಹಾಕುತ್ತಿದ್ದಳು. ನನ್ನ ಗುರುತು ಹಿಡಿದು, ಕುಂದರ್ರಿ ಎಂದು ಚಾಪೆ ಹಾಸಿದಳು, ನೀರು ಕೊಟ್ಟಳು. ಗೋಡೆಯ ಗೂಡಿನಲ್ಲಿ ಬುತ್ತಿಯ ಡಬ್ಬಿ ಇತ್ತು, ತೊಳೆದು ಬೋರಲು ಹಾಕಿತ್ತು. ನಾನು ಕೂರದೆ ಹೇಳಿದೆ:

"ಅವ್ವಾ, ಆ ಪೋಸ್ಟರಿನ್ಯಾಗ 'ಬಾ' ಅಂತ ಇರಲಿಲ್ಲ. ನಾ ಸುಳ್ಳ ಹೇಳಿದ್ದೆ."

ಮತ್ತೆ ಏನಿತ್ತು ಎಂದಳು. ಎಲ್ಲಿ ಅಡಗಿದ್ದಾಳೆ, ಶುಕ್ರವಾರ ಬಯಲಾಗುತ್ತದೆ ಎಂದಿತ್ತು, ಅದನ್ನು ಓದಿ ಹೆದರಿ ಹೋಗಿದ್ದಾಳೆ, ನೀವು ಬೇಡವಾಗಿ ಅಲ್ಲ ಎಂದೆ. ನೀವು ಬಂದ ಮರುದಿನವೇ ನಾನು ಅದನ್ನು ನಿಪ್ಪಾಣಿಯಲ್ಲಿ ಹಚ್ಚಿದೆ ಎಂಬುದನ್ನೂ ಹೇಳಿದೆ. ಅವಳು ಬೈದಿದ್ದರೆ, ಕೈಯಲ್ಲಿದ್ದ ಕಣಿಕೆಯಿಂದ ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಎಮ್ಮೆಯ ಬೆನ್ನು ಸವರಿದಳು. ಆಮೇಲೆ ಹೇಳಿದಳು:

"ನನಗ ಹೇಳಿದಿ, ಛಲೋ ಆತು. ಆಕೀಗಿ ಯಾರ ಹೇಳವ್ರು?"

ನೀರಿನ ತಂಬಿಗೆ ಕೆಳಗಿಟ್ಟು ಬಂದೆ.

ಮುಂದಿನ ಪಿಕ್ಚರಿನ ಕೈಚೀಟಿ ಅಚ್ಚಾಗುವಾಗ ಚಾಚಾನಿಗೆ ಹೇಳಿ ಕೆಳಗಿನ ಮೂಲೆಯಲ್ಲಿ ಆ ಬ್ಲಾಕು ಕೂರಿಸಿದೆ. ಪಕ್ಕದಲ್ಲಿ ಲಗಮವ್ವನ ಮಾತು: "ಸುಶೀಲಾ, ಅಪ್ಪ ತೀರಿಕೊಂಡರು. ಮಾವನಿಗೆ ಬೇರೆ ಮದುವೆಯಾಗಿದೆ. ಯಾರೂ ಏನೂ ಅನ್ನುವುದಿಲ್ಲ. ಬಾ." ನಿಪ್ಪಾಣಿಗೆ ಹೋದಾಗಲೆಲ್ಲ ಕೊಲ್ಲಾಪುರ, ಪುಣೆ, ಮುಂಬೈ ಕಡೆಯ ಬಸ್ಸಿನ ಡ್ರೈವರುಗಳ ಕೈಗೆ ಒಂದಿಷ್ಟು ಚೀಟಿ ಕೊಟ್ಟು, ಇಳಿಯುವ ಕಡೆ ಹಂಚಿರಿ ಎನ್ನುತ್ತಿದ್ದೆ. ಸಾವಕಾರರು ಮೊದಲ ಚೀಟಿ ನೋಡಿ, ಮೂಲೆಯ ಮೇಲೆ ಬೆರಳಿಟ್ಟು, "ಇದು ಯಾವ ಪಿಚ್ಚರಿಂದೋ?" ಎಂದು ಕೇಳಿದರು.

"ಪಿಚ್ಚರಿಂದಲ್ಲರೀ" ಎಂದೆ.

ಅವರು ಮತ್ತೆ ಕೇಳಲಿಲ್ಲ, ತೆಗೆ ಎಂದೂ ಹೇಳಲಿಲ್ಲ. ಟಾಕೀಜು ಮುಚ್ಚಿ ನಾನು ಮನೆಗೆ ಬರುವವರೆಗೆ, ಬಂದ ಪ್ರತಿ ಪಿಕ್ಚರಿನ ಚೀಟಿಯಲ್ಲೂ ಆ ಮೂಲೆ ಇತ್ತು. ಸವೆದು ಸವೆದು ಕಡೆಕಡೆಗೆ ಅಚ್ಚಿನಲ್ಲಿ ಕಣ್ಣು ಮೂಡುತ್ತಿರಲಿಲ್ಲ, ಕಿವಿಯ ಹತ್ತಿರದ ಗೀರು ಮಾತ್ರ ಸ್ಪಷ್ಟವಾಗಿ ಮೂಡುತ್ತಿತ್ತು. ಯಾರೂ ಬರಲಿಲ್ಲ.